ಸಪ್ಪಗಾಗಿದ್ದು ಸಾರೋ, ನಾಲಿಗೆಯೋ?

ಅಡುಗೆ ರುಚಿಯಾಗಿಲ್ಲ ಎಂಬ ಮಾತು ಕೇಳಿ ಒಮ್ಮೆಯಾದರೂ ಕಣ್ಣೀರು ಹಾಕದ ಗೃಹಿಣಿ ಇದ್ದಾಳೆಯೇ? ಆದರೆ ಆ ಮಾತು ಪದೇ ಪದೇ ಬರುತ್ತಿದ್ದರೆ, ಅದೂ ಮನೆಯ ಹಿರಿಯರಿಂದ ಬರುತ್ತಿದ್ದರೆ, ಸಿಟ್ಟು ಮಾಡಿಕೊಳ್ಳುವ ಮುನ್ನ ಸ್ವಲ್ಪ ಯೋಚಿಸಿ. ತಪ್ಪು ನಿಮ್ಮ ಕೈಯದೂ ಅಲ್ಲ, ಅವರ ಬಾಯಿಯದೂ ಅಲ್ಲದಿರಬಹುದು!

ನಮ್ಮ ಮನೆಯದೇ ಕಥೆ ಹೇಳುತ್ತೇನೆ, ಕೇಳಿ. ನನ್ನ ತವರು ಮೈಸೂರು. ಅತ್ತೆಯವರದು ಗದಗ ಪಕ್ಕದ ಲಕ್ಕುಂಡಿ. ಮದುವೆಯಾಗಿ ಬಂದ ಹೊಸದರಲ್ಲಿ ಎಣ್ಣೆಗಾಯಿ, ಜುಣಕ, ಗುರೆಳ್ಳು ಚಟ್ನಿ ಎಲ್ಲವನ್ನೂ ಕೈಹಿಡಿದು ಕಲಿಸಿದವರು ಅವರೇ. ಮಾವನವರು ತೀರಿಕೊಂಡ ಮೇಲೆ ಹುಬ್ಬಳ್ಳಿಯ ನಮ್ಮ ಮನೆಗೆ ಬಂದರು. ಮೊದಲ ಕೆಲವು ವರ್ಷ ಎಲ್ಲ ಚೆನ್ನಾಗಿತ್ತು. ಎಪ್ಪತ್ತು ದಾಟಿದ ಮೇಲೆ ಶುರುವಾಯ್ತು ನೋಡಿ ರಗಳೆ.

'ಏನವಾ ಇದು, ಉಪ್ಪಿಲ್ಲ, ಖಾರಿಲ್ಲ... ಬರೇ ನೀರು ಕುಡದ್ಹಂಗ ಆಗೇತಿ. ನಮ್ಮ ಲಕ್ಕುಂಡಿ ಬಾವಿ ನೀರಿಗೇ ಇದಕ್ಕಿಂತ ರುಚಿ ಇತ್ತು!'

ದಿನಾ ಇದೇ ಮಾತು. ಮೈಸೂರಿನವಳು ಅಂತ ಚುಚ್ಚುತ್ತಿದ್ದಾರೆ ಎಂದುಕೊಂಡೆ. ತಟ್ಟೆಯ ಪಕ್ಕದಲ್ಲೇ ಉಪ್ಪಿನ ಡಬ್ಬಿ ಇಟ್ಟುಕೊಂಡು ಸಾರಿಗೆ, ಪಲ್ಯಕ್ಕೆ, ಕೊನೆಗೆ ಮಜ್ಜಿಗೆಗೂ ಸುರಿದುಕೊಳ್ಳತೊಡಗಿದರು. ಬಿ.ಪಿ. ಮಾತ್ರೆ ನುಂಗುವವರು ಹೀಗೆ ಮಾಡಬಹುದೇ ಎಂದು ನಾನು ಕೇಳಿದರೆ, 'ಉಪ್ಪಿಗೂ ಲೆಕ್ಕ ಇಡತಾಳ' ಎಂದು ಮಗನ ಮುಂದೆ ದೂರು. ಒಂದೂವರೆ ವರ್ಷ ನಾವಿಬ್ಬರೂ ಊಟದ ಹೊತ್ತಿಗೆ ಮುಖ ಕೊಟ್ಟು ಮಾತಾಡಲೇ ಇಲ್ಲ.

ಒಂದು ಸಂಜೆ ಸಂತೆ ಮುಗಿಸಿ ಬಾಗಿಲು ತೆಗೆದರೆ ಗುಪ್ಪೆಂದು ಗ್ಯಾಸ್ ವಾಸನೆ! ಒಳಗೆ ಓಡಿದರೆ, ಅತ್ತೆ ಅಡುಗೆಮನೆಯಲ್ಲೇ ನೆಲದ ಮೇಲೆ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದಾರೆ. ಒಲೆಯ ಒಂದು ಗುಂಡಿ ಅರ್ಧ ತಿರುಗಿದೆ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗೆದು, ಅವರನ್ನು ಹೊರಗೆ ಕರೆತಂದೆ. 'ಅತ್ತೆ, ವಾಸನೆ ಬರಲಿಲ್ವೇ ನಿಮಗೆ?' ಎಂದರೆ ಅವರು ನನ್ನ ಮುಖವನ್ನೇ ನೋಡಿದರು. 'ಎಂಥಾ ವಾಸನಿ? ನನಗೇನ ಬರವಲ್ದು...'

ಆಗ ತಲೆಗೆ ಹೊಳೆಯಿತು. ಮರುದಿನ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋದೆವು. ಅವರು ಪರೀಕ್ಷೆ ಮಾಡಿ ಹೇಳಿದ್ದು ಇಷ್ಟೇ: 'ನಾಲಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಮೂಗು ಕೆಲಸ ನಿಲ್ಲಿಸುತ್ತಾ ಬಂದಿದೆ.' ನಮ್ಮಿಬ್ಬರ ಒಂದೂವರೆ ವರ್ಷದ ಜಗಳಕ್ಕೆ ಕಾರಣ ನನ್ನ ಸಾರೂ ಅಲ್ಲ, ಅವರ ಗುಣವೂ ಅಲ್ಲ!

ನಿಮ್ಮ ಮನೆಯಲ್ಲೂ ಇಂಥದ್ದು ನಡೆಯುತ್ತಿರಬಹುದು. ಅದಕ್ಕೇ ಈ ಲೇಖನ.

ನಾಲಿಗೆಗೆ ಗೊತ್ತಿರುವುದು ಐದೇ!

ನಾವು 'ರುಚಿ' ಎಂಬ ಒಂದೇ ಪದದಲ್ಲಿ ಎಷ್ಟೊಂದನ್ನು ಸೇರಿಸಿಬಿಡುತ್ತೇವೆ! ಒಗ್ಗರಣೆಯ ಘಮ, ರೊಟ್ಟಿಯ ಗರಿಗರಿ, ಮೆಣಸಿನಕಾಯಿಯ ಉರಿ, ಮೊಸರಿನ ತಂಪು ಎಲ್ಲವೂ ನಮಗೆ ರುಚಿಯೇ. ಆದರೆ ನಾಲಿಗೆಯ ಮೇಲಿರುವ ರುಚಿಮೊಗ್ಗುಗಳು ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು 'ಉಮಾಮಿ' ಎಂಬ ಐದನ್ನು ಮಾತ್ರ. ಈ ಐದನೆಯದನ್ನು 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ ಸಮುದ್ರದ ಪಾಚಿಯ ಸಾರಿನಿಂದ ಪತ್ತೆ ಮಾಡಿದರು. ಚೆನ್ನಾಗಿ ಹಣ್ಣಾದ ಟೊಮೆಟೊ ಬೇಯಿಸಿದಾಗ ಬಾಯಲ್ಲಿ ಉಳಿಯುವ ಆ ತುಂಬಿದ ರುಚಿ ಇದೆಯಲ್ಲ, ಅದೇ ಜಾತಿಯದು.

ಹಾಗಾದರೆ ಇಂಗು, ಜೀರಿಗೆ, ಏಲಕ್ಕಿ, ಕೊತ್ತಂಬರಿ? ಇವೆಲ್ಲ ಮೂಗಿನ ಕೆಲಸ. ತುತ್ತನ್ನು ಅಗಿಯುವಾಗ ಅದರ ಪರಿಮಳ ಗಂಟಲಿನ ಹಿಂಬದಿಯಿಂದ ಮೇಲಕ್ಕೇರಿ ಮೂಗನ್ನು ಒಳಗಿನಿಂದಲೇ ಸೇರುತ್ತದೆ. ಮೂಗಿಗೆ ಮುಂಬಾಗಿಲು ಇದ್ದಂತೆ ಹಿತ್ತಿಲ ಬಾಗಿಲೂ ಇದೆ ಅನ್ನಿ. ಈ ಹಿತ್ತಿಲ ಬಾಗಿಲಿನಿಂದ ಬಂದ ಪರಿಮಳವನ್ನು ಮಿದುಳು 'ಇದು ಬಾಯಿಂದ ಬಂತು' ಎಂದೇ ಲೆಕ್ಕ ಹಾಕುತ್ತದೆ. ನೆಗಡಿಯಾದಾಗ ಬಿಸಿಬೇಳೆ ಬಾತ್ ಕೂಡ ಮಣ್ಣು ತಿಂದಂತೆ ಅನ್ನಿಸುವುದು ಇದಕ್ಕೇ. ಆಗ ನಾಲಿಗೆ ಕೆಟ್ಟಿರುವುದಿಲ್ಲ, ಹಿತ್ತಿಲ ಬಾಗಿಲು ಮುಚ್ಚಿರುತ್ತದೆ.

2020ರಲ್ಲಿ ಕೊರೊನಾ ಬಂದಾಗ ಎಷ್ಟೋ ಜನರಿಗೆ ಕಾಫಿ ಪುಡಿಯ ವಾಸನೆಯೂ ಬರದೆ ಹೋಯಿತು. 'ರುಚಿ ಹೋಯ್ತು' ಎಂದು ಗಾಬರಿಯಾದವರಲ್ಲಿ ಹೆಚ್ಚಿನವರಿಗೆ ಕೈಕೊಟ್ಟಿದ್ದು ಮೂಗೇ.

ನಾಲಿಗೆಯ ಮೇಲೊಂದು ಪಿಎಚ್‌.ಡಿ.

ಬಾಯಿರುಚಿಯ ಬಗ್ಗೆಯೂ ಪಿಎಚ್‌.ಡಿ. ಮಾಡುತ್ತಾರೆಯೇ ಎಂದು ನಗಬೇಡಿ. ನಿಮ್ಮ ಮಗುವಿನ ವಿಜ್ಞಾನದ ಪುಸ್ತಕದಲ್ಲೋ, ನೀವು ಓದಿದ ಹಳೆಯ ಪುಸ್ತಕದಲ್ಲೋ ನಾಲಿಗೆಯ ಒಂದು ನಕ್ಷೆ ನೋಡಿರುತ್ತೀರಿ. ತುದಿಯಲ್ಲಿ ಸಿಹಿ, ಹಿಂದೆ ಕಹಿ, ಪಕ್ಕಗಳಲ್ಲಿ ಹುಳಿ-ಉಪ್ಪು ಎಂದು ಗೆರೆ ಹಾಕಿರುತ್ತದೆ. ಆ ನಕ್ಷೆಯ ಮೂಲ ಒಂದು ಪಿಎಚ್‌.ಡಿ. ಸಂಶೋಧನೆಯೇ! ಜರ್ಮನಿಯ ಲೈಪ್‌ಜಿಗ್‌ನಲ್ಲಿ ಡಿ.ಪಿ. ಹೆನಿಗ್ ಎಂಬಾತ ನಾಲಿಗೆಯ ಅಂಚಿನುದ್ದಕ್ಕೂ ಹನಿ ಹನಿ ರಸ ಇಟ್ಟು ಪರೀಕ್ಷಿಸಿ 1901ರಲ್ಲಿ ಪ್ರಕಟಿಸಿದ. ಅವನಿಗೆ ಕಂಡಿದ್ದು ಬಹಳ ಸಣ್ಣ ವ್ಯತ್ಯಾಸ. 1942ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಎಡ್ವಿನ್ ಬೋರಿಂಗ್ ತನ್ನ ಪುಸ್ತಕದಲ್ಲಿ ಅದನ್ನು ಬೇರೆ ರೀತಿಯ ಗೆರೆಗಳಲ್ಲಿ ತೋರಿಸಿದ. ನೋಡಿದವರು ತಪ್ಪು ತಿಳಿದರು, ಪುಸ್ತಕದಿಂದ ಪುಸ್ತಕಕ್ಕೆ ತಪ್ಪು ಹರಿಯಿತು. 1974ರಲ್ಲಿ ವರ್ಜಿನಿಯಾ ಕಾಲಿಂಗ್ಸ್ ಮತ್ತೆ ಪರೀಕ್ಷಿಸಿ, ವ್ಯತ್ಯಾಸ ಇದ್ದರೂ ಅದು ಅತ್ಯಲ್ಪ ಎಂದು ತೋರಿಸಿದರು. ಐದೂ ರುಚಿಗಳು ನಾಲಿಗೆಯ ಎಲ್ಲ ರುಚಿಮೊಗ್ಗಿನ ಜಾಗಗಳಲ್ಲೂ ತಿಳಿಯುತ್ತವೆ. ಬೇಕಾದರೆ ತುದಿನಾಲಿಗೆಗೆ ಒಂದು ಹರಳು ಉಪ್ಪು ಇಟ್ಟು ನೋಡಿ!

ಇಂಥ ಕೆಲಸ ನಮ್ಮ ರಾಜ್ಯದಲ್ಲೂ ನಡೆಯುತ್ತದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆಯಲ್ಲಿ, ಆಹಾರದ ಬಣ್ಣ, ಪರಿಮಳ, ರುಚಿಗಳನ್ನು ಅಳೆಯುವುದೂ ಒಂದು ವಿಜ್ಞಾನ. ಇಂಥ ಪರೀಕ್ಷೆಗಳ ಪದ್ಧತಿ ಕೇಳಿದರೆ ನಿಮಗೆ ಮೋಜೆನಿಸುತ್ತದೆ. ರುಚಿ ನೋಡುವವರು ಒಬ್ಬರ ಮುಖ ಒಬ್ಬರು ನೋಡದಂತೆ ಬೇರೆ ಬೇರೆ ಗೂಡುಗಳಲ್ಲಿ ಕೂರಬೇಕು. ಬಟ್ಟಲಿನ ಮೇಲೆ ಹೆಸರಿರುವುದಿಲ್ಲ, ಬರೀ ಅಂಕಿ ಇರುತ್ತದೆ. ಒಂದು ಮಾದರಿಗೂ ಇನ್ನೊಂದಕ್ಕೂ ನಡುವೆ ಬಾಯಿ ಮುಕ್ಕಳಿಸಬೇಕು. ಕೆಲವೊಮ್ಮೆ ಬಣ್ಣ ಕಾಣದಿರಲಿ ಎಂದು ಕೆಂಪು ದೀಪ ಹಾಕುತ್ತಾರೆ. ಮೂರು ಬಟ್ಟಲು ಕೊಟ್ಟು, ಎರಡು ಒಂದೇ, ಒಂದು ಬೇರೆ, ಯಾವುದು ಹೇಳಿ ಎನ್ನುವ ಪರೀಕ್ಷೆಯೂ ಉಂಟು.

ಮೂಗಿನ ಮೇಲೂ ಬೆಂಗಳೂರಿನಲ್ಲಿ ದೊಡ್ಡ ಕೆಲಸ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ರಾಘವ್ ರಾಜನ್, ಜೇಮ್ಸ್ ಕ್ಲೆಮೆಂಟ್ ಮತ್ತು ಉಪಿಂದರ್ ಭಲ್ಲಾ ಅವರು, ಇಲಿಗಳು ಎರಡು ಹೊಳ್ಳೆಗಳಿಗೆ ಬರುವ ವಾಸನೆಯ ವ್ಯತ್ಯಾಸ ಹಿಡಿದು ಅದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ತಿಳಿಯುತ್ತವೆ ಎಂದು 2006ರಲ್ಲಿ ತೋರಿಸಿದರು. ಎಲ್ಲೇ ಅಡಗಿಸಿಟ್ಟರೂ ಶೇಂಗಾ ಉಂಡೆಯ ಡಬ್ಬಿಯನ್ನು ಇಲಿ ಹೇಗೆ ಹುಡುಕುತ್ತದೆ ಎಂದು ಈಗ ಗೊತ್ತಾಯಿತಲ್ಲ!

ಕಣ್ಣಿಗೆ ಮೊದಲ ತುತ್ತು

ಕಣ್ಣು ನಾಲಿಗೆಯನ್ನು ಎಷ್ಟು ಸುಲಭವಾಗಿ ಮೋಸ ಮಾಡುತ್ತದೆ ಎನ್ನುವುದಕ್ಕೆ ಫ್ರಾನ್ಸ್‌ನ ಒಂದು ಪ್ರಸಂಗ ಪ್ರಸಿದ್ಧ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಸಂಶೋಧಕ ಫ್ರೆಡರಿಕ್ ಬ್ರೋಶೆ ಮತ್ತು ಜೊತೆಗಾರರು, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ದ್ರಾಕ್ಷಾರಸ ಒಂದನ್ನೂ, ಅದೇ ಬಿಳಿ ರಸಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ್ದನ್ನೂ ಕೊಟ್ಟರು. ಕೆಂಪಗೆ ಕಂಡದ್ದನ್ನು ವಿದ್ಯಾರ್ಥಿಗಳು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು! ಈ ಫಲಿತಾಂಶ ಪ್ರಕಟವಾದದ್ದು 2001ರಲ್ಲಿ. ಓದಿ ಕಲಿಯುತ್ತಿದ್ದವರ ಗತಿಯೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯ ಹೆಗ್ಗಳಿಕೆಯೇ ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರ. ಪಲ್ಯ ಕೆಂಪಗೆ ಕಂಡರೆ ಸಾಕು, ತಿನ್ನುವ ಮೊದಲೇ ಬಾಯಲ್ಲಿ ನೀರು. ತಟ್ಟೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬೆಟಿನಾ ಪಿಕೆರಾಸ್, ಚಾರ್ಲ್ಸ್ ಸ್ಪೆನ್ಸ್ ಮತ್ತಿತರರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಸ್ಟ್ರಾಬೆರಿ ಸಿಹಿತಿನಿಸನ್ನು ಬಿಳಿ ಮತ್ತು ಕಪ್ಪು ತಟ್ಟೆಗಳಲ್ಲಿ ಕೊಟ್ಟಾಗ, ಬಿಳಿ ತಟ್ಟೆಯದೇ ಹೆಚ್ಚು ಸಿಹಿ ಎಂದರು ತಿಂದವರು.

ಇದರಲ್ಲಿ ನಮಗೇನು ಪಾಠ? ದೃಷ್ಟಿ ಮಂದವಾದ ಹಿರಿಯರಿಗೆ ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಬಿಳಿ ಮೊಸರು ಕೊಟ್ಟರೆ ಕಣ್ಣಿಗೆ ಏನೂ ದಕ್ಕುವುದಿಲ್ಲ. ಒಂದು ಕಡೆ ಕ್ಯಾರೆಟ್ ಕೋಸಂಬರಿ, ಒಂದು ಕಡೆ ಹಸಿರು ಸೊಪ್ಪಿನ ಪಲ್ಯ ಇಡಿ. ಊಟಕ್ಕೆ ಕೂರುವ ಜಾಗದಲ್ಲಿ ಒಳ್ಳೆಯ ಬೆಳಕಿರಲಿ.

ಕಿವಿಯೂ ಊಟ ಮಾಡುತ್ತದೆ

ಲಕ್ಕುಂಡಿಯ ಮನೆಗಳಲ್ಲಿ ಖಡಕ್ ರೊಟ್ಟಿಯ ಥಪ್ಪಿ ಒಟ್ಟಿರುವುದನ್ನು ನೋಡಬೇಕು ನೀವು! ಆ ರೊಟ್ಟಿ ಮುರಿದಾಗಿನ 'ಟಕ್' ಸದ್ದಿಲ್ಲದಿದ್ದರೆ ಅದು ರೊಟ್ಟಿಯೇ ಅಲ್ಲ ಎನ್ನುತ್ತಾರೆ ಅತ್ತೆ. ವಿಜ್ಞಾನವೂ ಇದನ್ನೇ ಹೇಳುತ್ತದೆ. ಮಾಸ್ಸಿಮಿಲಿಯಾನೊ ಝಂಪಿನಿ ಮತ್ತು ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರ ಕಿವಿಗೆ ಹೆಡ್‌ಫೋನ್ ಹಾಕಿ ಆಲೂಗಡ್ಡೆ ಚಿಪ್ಸ್ ಕಚ್ಚಲು ಹೇಳಿದರು. ಕಚ್ಚುವ ಸದ್ದನ್ನು, ಅದರಲ್ಲೂ ತೀಕ್ಷ್ಣ ಸದ್ದನ್ನು, ಹೆಚ್ಚಿಸಿ ಕೇಳಿಸಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎಂದರು. ಸದ್ದು ತಗ್ಗಿಸಿದಾಗ ಮೆತ್ತಗಾಗಿದೆ, ಹಳತು ಎಂದರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ 'ಇಗ್ ನೊಬೆಲ್' ಪ್ರಶಸ್ತಿ 2008ರಲ್ಲಿ ಇದಕ್ಕೆ ಸಿಕ್ಕಿತು.

ಗದ್ದಲದ ವಿಷಯ ಇನ್ನೊಂದಿದೆ. ಸುತ್ತ ಜೋರು ಸದ್ದಿದ್ದಾಗ ಉಪ್ಪು ಮತ್ತು ಸಿಹಿ ಕಡಿಮೆ ಅನ್ನಿಸುತ್ತವೆ ಎಂದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದೆ. ಊಟದ ಹೊತ್ತಿಗೆ ಟೀವಿಯಲ್ಲಿ ಧಾರಾವಾಹಿ ಕಿರುಚುತ್ತಿದ್ದರೆ, ಪಕ್ಕದಲ್ಲಿ ಮಿಕ್ಸಿ ಗರ್ರೆನ್ನುತ್ತಿದ್ದರೆ, ಉಪ್ಪು ಸಾಲದು ಎಂಬ ದೂರು ಬಂದರೆ ಆಶ್ಚರ್ಯವೇನು? ಅರ್ಧ ಗಂಟೆ ಟೀವಿ ಬಂದ್ ಮಾಡಿ ನೋಡಿ.

ಖಾರ ರುಚಿಯೇ ಅಲ್ಲ!

ನಮ್ಮ ಆಯುರ್ವೇದ ಆರು ರಸಗಳನ್ನು ಹೇಳುತ್ತದೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇವುಗಳಲ್ಲಿ ಖಾರ ಮತ್ತು ಒಗರನ್ನು ಇಂದಿನ ವಿಜ್ಞಾನ ಬೇರೆ ಸಾಲಿಗೆ ಹಾಕುತ್ತದೆ. ಮೆಣಸಿನಕಾಯಿಯ ಖಾರ ತಟ್ಟುವುದು ಸುಡುವ ಬಿಸಿಯನ್ನು ತಿಳಿಸುವ ನರಗಳಿಗೆ. ಈ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅಂದರೆ ಮಿರ್ಚಿ ಭಜಿ ತಿಂದಾಗ 'ಬಾಯಿ ಸುಟ್ಟಿತು' ಎನ್ನುವುದು ಬರೀ ಮಾತಲ್ಲ, ಮಿದುಳಿಗೆ ನಿಜವಾಗಿಯೂ ಅದೇ ಸುದ್ದಿ ಮುಟ್ಟಿರುತ್ತದೆ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ನೀರು ಕುಡಿದರೆ ಉರಿ ಬೇಗ ಇಳಿಯುವುದಿಲ್ಲ, ಹಾಲು-ಮೊಸರು ಒಳ್ಳೆಯದು. ರೊಟ್ಟಿ-ಖಾರದ ಜೊತೆ ಕೆನೆಮೊಸರು ಬಡಿಸುವ ಉತ್ತರ ಕರ್ನಾಟಕದ ಅಜ್ಜಿಯರಿಗೆ ಇದು ಮೊದಲೇ ಗೊತ್ತಿತ್ತು.

ಎಲೆಅಡಿಕೆಯ, ನೇರಳೆಹಣ್ಣಿನ ಒಗರು ಕೂಡ ಸ್ಪರ್ಶಕ್ಕೆ ಸೇರಿದ್ದು. ಅದರ ಅಂಶ ಎಂಜಲಿನ ಜಿಡ್ಡನ್ನು ಹಿಡಿದುಹಾಕುತ್ತದೆ, ಬಾಯಿ ಒಣಗಿ ಬಿಗಿದಂತಾಗುತ್ತದೆ.

ನಮಗೆ ಮುಖ್ಯವಾದ ಮಾತು ಇಲ್ಲಿದೆ. ಮೂಗು ಸೋತವರಿಗೂ ಖಾರ, ಬಿಸಿ, ತಂಪು, ಗರಿಗರಿ ತಿಳಿಯುತ್ತಿರುತ್ತದೆ. ಅಡುಗೆಯಲ್ಲಿ ನಾವು ಆಸರೆ ಪಡೆಯಬೇಕಾದದ್ದು ಇವುಗಳಿಂದಲೇ.

ವಯಸ್ಸಾದಂತೆ ಏನಾಗುತ್ತದೆ?

ಕಣ್ಣು ಮಂಜಾದರೆ ಕನ್ನಡಕ, ಕಿವಿ ಮಂದವಾದರೆ ಯಂತ್ರ. ಮೂಗು ಮಂದವಾದದ್ದು ಮಾತ್ರ ಯಾರಿಗೂ ಗೊತ್ತೇ ಆಗುವುದಿಲ್ಲ, ಸ್ವತಃ ಅವರಿಗೂ! ಅಮೆರಿಕದ ರಿಚರ್ಡ್ ಡೋಟಿ ಮತ್ತು ಸಂಗಡಿಗರು ಸುಮಾರು ಎರಡು ಸಾವಿರ ಜನರನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ವರದಿ ಹೇಳುವಂತೆ, 65ರಿಂದ 80 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ವಾಸನೆ ತಿಳಿಯುವ ಶಕ್ತಿ ಬಹಳ ಕುಗ್ಗಿತ್ತು. 80 ದಾಟಿದವರಲ್ಲಿ ಅದು ಮುಕ್ಕಾಲು ಪಾಲಿಗಿಂತ ಹೆಚ್ಚು.

ಇದರ ಜೊತೆಗೆ ಬಾಯಿ ಒಣಗುವುದು, ಅಂಗುಳ ಮುಚ್ಚುವ ಹಲ್ಲಿನ ಸೆಟ್, ನಾಲಿಗೆಗೆ ಲೋಹದಂಥ ರುಚಿ ತರುವ ಕೆಲವು ಮಾತ್ರೆಗಳು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಬಿ.ಪಿ.ಯ ಕೆಲವು ಮಾತ್ರೆಗಳು ಹೀಗೆ ಮಾಡುವುದುಂಟು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ಮೂಗು ಸೋತ ಹಿರಿಯರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ಊಟವನ್ನೇ ಕಡಿಮೆ ಮಾಡಿ ಸೊರಗುತ್ತಾರೆ. ಇನ್ನು ಕೆಲವರು ನಾಲಿಗೆಗೆ ಉಳಿದಿರುವ ಉಪ್ಪು, ಸಕ್ಕರೆಗಳನ್ನು ಸುರಿದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಬೇಕರಿ ತಿನಿಸು ಎಲ್ಲವೂ ಈ ಲೆಕ್ಕದ ಒಳಗೇ! ಬಿ.ಪಿ. ಇದ್ದವರಿಗೆ ಇದು ಬರೀ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಉಪ್ಪು ಹೆಚ್ಚಿಸದೆ ರುಚಿ ಹೆಚ್ಚಿಸಿ

* ಹುಳಿಯ ನೆರವು ಪಡೆಯಿರಿ. ಬಡಿಸುವ ಮುನ್ನ ಸಾರಿಗೆ, ಪಲ್ಯಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ.
* ಒಗ್ಗರಣೆಯನ್ನು ಕೊನೆಯಲ್ಲಿ, ಊಟದ ಹೊತ್ತಿಗೆ ಹಾಕಿ. ಇಂಗು, ಜೀರಿಗೆ, ಬೆಳ್ಳುಳ್ಳಿಯ ಘಮ ಹಾರಿಹೋಗುವ ಮುನ್ನ ತಟ್ಟೆಗೆ ಬರಲಿ. ಕುಗ್ಗಿದ ಮೂಗಿಗೆ ಬಿಸಿ ಅಡುಗೆ ಹೆಚ್ಚು ಘಮ ಕೊಡುತ್ತದೆ.
* ಮಸಾಲೆ ಪುಡಿ ಹಳತಾಗಿದ್ದರೆ ಹೊಸದಾಗಿ ಹುರಿದು ಕುಟ್ಟಿ. ವರ್ಷದ ಹಿಂದಿನ ಪುಡಿಯಲ್ಲಿ ಬಣ್ಣ ಇರುತ್ತದೆ, ಘಮ ಇರುವುದಿಲ್ಲ.
* ಪ್ರತಿ ಊಟದಲ್ಲೂ ಗರಿಗರಿಯಾದದ್ದು ಒಂದಿರಲಿ. ಸುಟ್ಟ ಜೋಳದ ರೊಟ್ಟಿ, ಹುರಿದ ಶೇಂಗಾ, ಸೌತೆಕಾಯಿ, ಹಸಿ ಈರುಳ್ಳಿ. ಹಲ್ಲಿಲ್ಲದವರಿಗೆ ಶೇಂಗಾ ಚಟ್ನಿಯನ್ನು ತರಿತರಿಯಾಗಿ ಕುಟ್ಟಿ ಕೊಡಿ.
* ಎಲ್ಲವನ್ನೂ ಕಲಸಿ ಒಂದೇ ಬಟ್ಟಲಿನಲ್ಲಿ ಕೊಡಬೇಡಿ. ಬೇರೆ ಬೇರೆ ಬಡಿಸಿ. ತುತ್ತು ಬದಲಾದಂತೆ ಬಾಯಿ ಎಚ್ಚರವಾಗಿರುತ್ತದೆ.
* ಉಪ್ಪನ್ನು ಒಮ್ಮೆಲೇ ಕಡಿತ ಮಾಡಬೇಡಿ. ವಾರವಾರ ಚೂರು ಚೂರು ತಗ್ಗಿಸಿ. ಎರಡು-ಮೂರು ತಿಂಗಳಲ್ಲಿ ಬಾಯಿ ಹೊಸ ಅಳತೆಗೆ ಒಗ್ಗುತ್ತದೆ. ಆಮೇಲೆ ಹಳೆಯ ಅಳತೆಯೇ ಉಪ್ಪುಪ್ಪು ಅನ್ನಿಸುತ್ತದೆ!
* 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು.

ಮನೆಯಲ್ಲೇ ಮಾಡಿ ನೋಡಿ

*ಮೂಗಿನ ಆಟ:* ಸಕ್ಕರೆಗೆ ಏಲಕ್ಕಿ ಪುಡಿ ಬೆರೆಸಿ. ಮೂಗನ್ನು ಬಿಗಿಯಾಗಿ ಹಿಡಿದು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಿ. ಬರೀ ಸಿಹಿ ತಿಳಿಯುತ್ತದೆ. ಈಗ ಮೂಗು ಬಿಡಿ. ಏಲಕ್ಕಿ ಗಮ್ಮೆಂದು ಬರುತ್ತದೆ. ಮಕ್ಕಳಿಗೆ ಈ ಆಟ ಬಲು ಇಷ್ಟ.

*ಕಿವಿಯ ಆಟ:* ಹೊಸ ಹಪ್ಪಳವನ್ನು ಒಮ್ಮೆ ಹಾಗೇ ಕಚ್ಚಿ, ಒಮ್ಮೆ ಟೀವಿ ಸದ್ದು ಜೋರು ಮಾಡಿ ಕಚ್ಚಿ. ಯಾವುದು ಹೆಚ್ಚು ಗರಿಗರಿ ಅನ್ನಿಸಿತು?

*ಕಣ್ಣಿನ ಆಟ:* ಒಂದೇ ನಿಂಬೆ ಪಾನಕವನ್ನು ಎರಡು ಲೋಟಕ್ಕೆ ಹಾಕಿ, ಒಂದಕ್ಕೆ ಮಾತ್ರ ತಿನ್ನುವ ಕೆಂಪು ಬಣ್ಣದ ಒಂದು ಹನಿ ಬಿಡಿ. ಯಾವುದು ಹೆಚ್ಚು ಸಿಹಿ ಎಂದು ಮನೆಯವರನ್ನು ಕೇಳಿ.

*ಹಿರಿಯರಿಗಾಗಿ:* ಕಾಫಿ ಪುಡಿ, ಏಲಕ್ಕಿ, ಜಜ್ಜಿದ ಬೆಳ್ಳುಳ್ಳಿ, ನಿಂಬೆಸಿಪ್ಪೆ ಇವನ್ನು ನಾಲ್ಕು ಬಟ್ಟಲಲ್ಲಿಡಿ. ಕಣ್ಣು ಮುಚ್ಚಿಸಿ ಒಂದೊಂದಾಗಿ ಮೂಗಿನ ಬಳಿ ಹಿಡಿದು ಏನೆಂದು ಕೇಳಿ. ಎರಡು-ಮೂರು ತಪ್ಪಿದರೆ ವೈದ್ಯರಿಗೆ ತೋರಿಸಿ. ಇದು ರೋಗಪರೀಕ್ಷೆಯಲ್ಲ, ಬರೀ ಸುಳಿವು.

ಮೂಗಿಗೂ ವ್ಯಾಯಾಮ

ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಒಂದು ಸರಳ ಅಭ್ಯಾಸವನ್ನು ಪ್ರಕಟಿಸಿದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಸಲ, 12 ವಾರ ಮೂಸುವುದು. ಹಾಗೆ ಮಾಡಿದವರಲ್ಲಿ ಕೆಲವರ ಮೂಗು ಸುಧಾರಿಸಿತು. ಕೊರೊನಾ ನಂತರ ಪ್ರಪಂಚದ ಎಷ್ಟೋ ವೈದ್ಯರು ಇದನ್ನೇ ಸಲಹೆ ಮಾಡಿದರು.

ಪ್ರತಿ ವಾಸನೆಗೆ 15-20 ಸೆಕೆಂಡು ಸಾಕು. ಮೂಸುವಾಗ ಆ ವಸ್ತುವನ್ನು ಮನಸ್ಸಿನಲ್ಲಿ ನೆನೆಸಿಕೊಳ್ಳಬೇಕು. ಎಲ್ಲರಿಗೂ ಪೂರ್ತಿ ವಾಪಸು ಬರುತ್ತದೆ ಎಂದು ಆಸೆ ಹುಟ್ಟಿಸಬೇಡಿ. ನೆಗಡಿ, ಜ್ವರದಿಂದ ಹೋದದ್ದು ಮರಳುವ ಸಾಧ್ಯತೆ ಹೆಚ್ಚು, ವಯಸ್ಸಿನಿಂದ ಹೋದದ್ದು ಕಷ್ಟ.

ಇವನ್ನು ಮರೆಯಬೇಡಿ

ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದ್ದು ತಿಳಿಯಲಿ ಎಂದೇ ದುರ್ವಾಸನೆಯ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಮೂಗು ಸೋತವರಿಗೆ ಆ ರಕ್ಷಣೆಯೇ ಇಲ್ಲ. ಅಂಥ ಹಿರಿಯರು ಒಬ್ಬರೇ ಮನೆಯಲ್ಲಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ ಹೊರಡಿ. ಅನಿಲ ಸೋರುವುದನ್ನು ತಿಳಿಸುವ ಅಲಾರಂ ಸಿಗುತ್ತದೆ, ಹಾಕಿಸಿ. ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ. ಸೋರಿದ್ದು ತಿಳಿದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು-ಕಿಟಕಿ ತೆಗೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಹಳಸಿದ ಸಾರು, ಕೆಟ್ಟ ಹಾಲು ಕೂಡ ಇವರಿಗೆ ತಿಳಿಯುವುದಿಲ್ಲ. ಫ್ರಿಜ್ಜಿನಲ್ಲಿಡುವ ಡಬ್ಬಿಯ ಮೇಲೆ ದಿನ ಬರೆದಿಡಿ.

ವಾಸನೆ ಒಮ್ಮೆಲೇ ಹೋದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಹೋದರೆ, ಒಂದೇ ಹೊಳ್ಳೆ ಕಟ್ಟಿಕೊಂಡು ರಕ್ತ ಬರುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಕೆಲವೊಮ್ಮೆ ನರಗಳ ಕಾಯಿಲೆಯ ಮುನ್ಸೂಚನೆಯೂ ಇದಾಗಿರಬಹುದು.

ಕೊನೆಗೊಂದು ಮಾತು

ಅತ್ತೆಗೆ ಮೂಗು ವಾಪಸು ಬಂತೇ ಎಂದು ಕೇಳುತ್ತೀರಾ? ಇಲ್ಲ. ಲವಂಗ ಮಾತ್ರ ಒಮ್ಮೊಮ್ಮೆ ಗೊತ್ತಾಗುತ್ತದಂತೆ. ಆದರೆ 'ನಿನ್ನ ಅಡಗಿ ಸಪ್ಪಗ' ಎನ್ನುವ ಮಾತು ನಿಂತಿತು. ಈಗ 'ನನಗ ಸಪ್ಪಗ ಅನಸ್ತೈತಿ' ಎನ್ನುತ್ತಾರೆ. ಎರಡು ಮಾತಿಗೂ ಎಷ್ಟು ವ್ಯತ್ಯಾಸ ಅಲ್ಲವೇ! ನಾನೂ ಮೊದಲಿನಂತೆ ಮುಖ ಊದಿಸಿಕೊಳ್ಳುವುದಿಲ್ಲ, ನಿಂಬೆಹಣ್ಣು ಹೆಚ್ಚಿ ಪಕ್ಕಕ್ಕಿಡುತ್ತೇನೆ. ಉಪ್ಪಿನ ಡಬ್ಬಿ ತಟ್ಟೆಯ ಪಕ್ಕದಿಂದ ಕಪಾಟಿಗೆ ಹೋಯಿತು.

ಕಳೆದ ಸಲ ಅವರನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೆವು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಹೋಗಿ, ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನ ಹಳೆಯ ಮನೆಗೆ ಊಟಕ್ಕೆ ಬಂದೆವು. ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆನೆಮೊಸರು. ಅತ್ತೆ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ಟಕ್!

'ಕೇಳಿದ್ಯಾ ಯವ್ವಾ? ಇದು ನೋಡು ರುಚಿ' ಎಂದು ಅರ್ಧ ರೊಟ್ಟಿ ನನ್ನ ತಟ್ಟೆಗೆ ಹಾಕಿದರು.

ಇವತ್ತು ರಾತ್ರಿ ನಿಮ್ಮ ಮನೆಯಲ್ಲೂ ಹಿರಿಯರ ಪಕ್ಕ ಕೂತು ಊಟ ಮಾಡಿ. ಉಪ್ಪು ಸಾಲದು ಎಂದರೆ ಡಬ್ಬಿ ಮುಂದೆ ತಳ್ಳುವ ಬದಲು, ಒಗ್ಗರಣೆಯ ಘಮ ಬರ್ತಿದೆಯಾ ಎಂದು ಕೇಳಿ ನೋಡಿ.